ಗಂಗಾಮೂಲದ ಮಗಳು ಮತ್ತು ಪೌಲನ ಪತ್ರಿಕೆಗಳು

ಪ್ರೊಟೆಸ್ಟಂಟ್ ಪರಂಪರೆಯ ಬೈಬಲ್‌ನಲ್ಲಿ 66 ಗ್ರಂಥಗಳಿದ್ದರೂ, ಸಭೆಯಲ್ಲಿ ಮತ್ತು ದಾಂಪತ್ಯದಲ್ಲಿ ಹೆಣ್ಣಿನ ಸ್ಥಾನ ಯಾವುದೆಂಬ ಪ್ರಶ್ನೆ ಎದ್ದಾಗಲೆಲ್ಲ ಮುಂದಿಡಲಾಗುವ ಭಾಗಗಳನ್ನು ಒಟ್ಟುಗೂಡಿಸಿದರೆ ಅವು ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತವೆ. ಆದಿಕಾಂಡದ ಮೊದಲ ಮೂರು ಅಧ್ಯಾಯಗಳು, ಅಪೊಸ್ತಲ ಪೌಲನ ಹೆಸರಿನಲ್ಲಿರುವ ಪತ್ರಿಕೆಗಳ ಪೈಕಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11 ಮತ್ತು 14ನೆಯ ಅಧ್ಯಾಯಗಳ ಕೆಲವು ವಚನಗಳು, ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯ, ಪೇತ್ರನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯ ಇವೇ ಆ ಭಾಗಗಳಲ್ಲಿ ಮುಖ್ಯವಾದವು. ಇಲ್ಲಿ ಸಭೆ ಎಂದರೆ ಕಟ್ಟಡವಲ್ಲ. ಕನ್ನಡ ಕ್ರೈಸ್ತರ ಬಳಕೆಯಲ್ಲಿ ಅದು ವಿಶ್ವಾಸಿಗಳ ಸಮುದಾಯದ ಹೆಸರು. ಈ ಕೆಲವು ಪುಟಗಳ ಆಧಾರದ ಮೇಲೆ ಹೆಂಗಸರು ವೇದಿಕೆಯಿಂದ ಬೋಧಿಸಬಹುದೆ, ದೀಕ್ಷೆ ಪಡೆದು ಸಭಾಪಾಲಕರಾಗಬಹುದೆ, ಗಂಡನ ಮಾತಿಗೆ ಎಲ್ಲಿಯವರೆಗೆ ತಲೆಬಾಗಬೇಕು ಎಂಬುದೆಲ್ಲ ನಿರ್ಧಾರವಾಗುತ್ತ ಬಂದಿರುವುದರಿಂದ, ಆ ಪುಟಗಳನ್ನು ಯಾವ ಭಾಷೆಯಲ್ಲಿ ಓದಲಾಯಿತು, ಓದಿ ಅರ್ಥ ಹೇಳುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳು ವಚನಗಳಷ್ಟೇ ಮುಖ್ಯವಾಗುತ್ತವೆ.

ಈ ಎರಡೂ ಪ್ರಶ್ನೆಗಳನ್ನು ತನ್ನ ಬದುಕಿನಲ್ಲಿಯೇ ಎದುರಿಸಿದ ವ್ಯಕ್ತಿ ಕನ್ನಡ ನಾಡಿನಲ್ಲಿ ಹುಟ್ಟಿ, ಮರಾಠಿಯಲ್ಲಿ ಬರೆದು, ಪುಣೆ ಜಿಲ್ಲೆಯ ಕೆಡಗಾವಿನಲ್ಲಿ ತೀರಿಕೊಂಡ ಪಂಡಿತಾ ರಮಾಬಾಯಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್‌ನಲ್ಲಿ ಅವರು ಜನಿಸಿದರು. ಅವರ ತಂದೆ, ಕಾರ್ಕಳ ಸೀಮೆಯ ಮಾಳದವರಾದ ಅನಂತಶಾಸ್ತ್ರಿ ಡೋಂಗರೆ, ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟು ಬಂಧುಬಳಗದ ವಿರೋಧ ಕಟ್ಟಿಕೊಂಡಿದ್ದರು. ಕಾಡಿನ ವಾಸಕ್ಕೆ ಆ ವಿರೋಧವೂ ಒಂದು ಕಾರಣವಾಗಿತ್ತು. ಹೆಣ್ಣಿಗೆ ದೇವಭಾಷೆ ಕಲಿಸಿದ್ದಕ್ಕೆ ಉತ್ತರ ಹೇಳಬೇಕೆಂದು ಉಡುಪಿಯಲ್ಲಿ ಮಾಧ್ವ ಸಂಪ್ರದಾಯದ ಪಂಡಿತರ ಸಭೆ ಅವರನ್ನು ಕರೆಸಿದಾಗ, ಸ್ತ್ರೀಯರೂ ಶೂದ್ರರೂ ಸಂಸ್ಕೃತದ ಪುರಾಣ ಸಾಹಿತ್ಯವನ್ನು ಓದಲು ಶಾಸ್ತ್ರದ ಅಡ್ಡಿಯಿಲ್ಲವೆಂದು ಶಾಸ್ತ್ರಗ್ರಂಥಗಳಿಂದಲೇ ಆಧಾರ ತೆಗೆದು ಅವರು ತೋರಿಸಿಕೊಟ್ಟರು. ವೇದ ಮಾತ್ರ ಆ ಅನುಮತಿಯ ಹೊರಗೆ ಉಳಿಯಿತು. ಶಾಸ್ತ್ರವನ್ನು ಹೆಣ್ಣಿನ ವಿರುದ್ಧ ಉಲ್ಲೇಖಿಸಿದಾಗ ಅದೇ ಶಾಸ್ತ್ರವನ್ನು ಮತ್ತೆ ತೆರೆದು ಓದಿ ಉತ್ತರಿಸುವ ಈ ಕ್ರಮ ಮಗಳಿಗೆ ತಂದೆಯಿಂದ ಬಂದ ಆಸ್ತಿಯಾಗಿತ್ತೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

1874ರ ಕ್ಷಾಮದ ದಿನಗಳಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಅಣ್ಣನೊಡನೆ ದೇಶ ಸುತ್ತುತ್ತ 1878ರಲ್ಲಿ ಕಲ್ಕತ್ತೆ ಮುಟ್ಟಿದ ರಮಾಬಾಯಿಯವರಿಗೆ ಅಲ್ಲಿನ ವಿದ್ವಾಂಸರು ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಬಿಪಿನ್ ಬಿಹಾರಿ ಮೇಧ್ವಿ ಎಂಬ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾಗಿ, 1882ರಲ್ಲಿ ಕಾಲರಾದಿಂದ ಅವರನ್ನೂ ಕಳೆದುಕೊಂಡು, ಕೈಯಲ್ಲಿ ಪುಟ್ಟ ಮಗಳು ಮನೋರಮಾಳೊಂದಿಗೆ ಪುಣೆಗೆ ಬಂದರು. ಮರುವರ್ಷ ಇಂಗ್ಲೆಂಡಿಗೆ ತೆರಳಿ, ವಾಂಟೇಜ್ ಎಂಬಲ್ಲಿದ್ದ ಆಂಗ್ಲಿಕನ್ ಸನ್ಯಾಸಿನಿಯರ ಮಠದ ಆಶ್ರಯದಲ್ಲಿ 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು. ದೀಕ್ಷಾಸ್ನಾನವೆಂದರೆ ಕ್ರೈಸ್ತ ಸಮುದಾಯಕ್ಕೆ ಪ್ರವೇಶ ನೀಡುವ ಜಲಸಂಸ್ಕಾರ. ಬಳಿಕ ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಡೊರೋಥಿಯಾ ಬೀಲ್ ಅವರ ಆಶ್ರಯದಲ್ಲಿ ತಾವು ಓದುತ್ತಲೇ ಸಂಸ್ಕೃತ ಕಲಿಸತೊಡಗಿದರು.

ಅಲ್ಲಿಯೇ ತೊಡಕು ಹುಟ್ಟಿತು. ರಮಾಬಾಯಿ ಗಂಡು ವಿದ್ಯಾರ್ಥಿಗಳಿಗೂ ಭಾರತೀಯ ಭಾಷೆ ಕಲಿಸಬಹುದೆಂಬ ಸಲಹೆ ಬಂದಾಗ, ಅಂಥ ಕೆಲಸ ಸ್ವದೇಶದಲ್ಲಿ ಅವರ ಮರ್ಯಾದೆಗೂ ಪ್ರಭಾವಕ್ಕೂ ಕುಂದು ತರುತ್ತದೆಂದು ಲಾಹೋರ್ ಮತ್ತು ಮುಂಬಯಿಯ ಬಿಷಪ್ಪರು ಆಕ್ಷೇಪವೆತ್ತಿದರು. ತಾಯಿ ಗಂಡುಮಕ್ಕಳಿಗೆ ಪಾಠ ಹೇಳಿದಾಗ ತಂದೆಯಾಗಲಿ, ತಾನು ಹೇಳಿದಾಗ ಗಂಡನಾಗಲಿ ಅಡ್ಡಿ ಮಾಡಲಿಲ್ಲವೆಂದೂ, ಕ್ರೈಸ್ತಳಾದ ಮೇಲೆ ಈ ನಿರ್ಬಂಧ ಎದುರಾದದ್ದು ಅಚ್ಚರಿಯೆಂದೂ ರಮಾಬಾಯಿ ಪತ್ರಗಳಲ್ಲಿ ಖಂಡಿತವಾಗಿ ತಿಳಿಸಿದರು. ಮಠದ ಸಿಸ್ಟರ್ ಜೆರಾಲ್ಡಿನ್ ಅವರಿಗೆ 1885ರಲ್ಲಿ ಬರೆದ ಪತ್ರವೊಂದರಲ್ಲಿ, ಭಾರತದ ಪುರೋಹಿತವರ್ಗದ ನೊಗದಿಂದ ಬಹಳ ಕಷ್ಟಪಟ್ಟು ಬಿಡಿಸಿಕೊಂಡ ತನಗೆ ಮತ್ತೊಂದು ಪುರೋಹಿತ ನೊಗಕ್ಕೆ ಕೊರಳೊಡ್ಡುವ ಮನಸ್ಸಿಲ್ಲವೆಂದೂ, ದೇವರ ವಾಕ್ಯವನ್ನು ತನ್ನ ವಿವೇಕದಿಂದಲೇ ಪರಿಶೀಲಿಸುವೆನೆಂದೂ ಸ್ಪಷ್ಟಪಡಿಸಿದರು. ಬಿಷಪ್ಪರ ಆಕ್ಷೇಪದ ತಿರುಳು ಪೌಲನ ವಚನಕ್ಕಿಂತ ಹೆಚ್ಚಾಗಿ ಲೋಕಾಪವಾದದ ಭಯವಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ಸಮಾಜದ ವಾಡಿಕೆ ಮತ್ತು ಧರ್ಮಗ್ರಂಥದ ಆಜ್ಞೆ ಇವೆರಡನ್ನು ಬೇರ್ಪಡಿಸುವುದೇ ಈ ಇಡೀ ವ್ಯಾಖ್ಯಾನದ ಅತ್ಯಂತ ಕಷ್ಟದ ಕೆಲಸ.

ಗಂಡಸರಿಗೆ ಹೆಣ್ಣು ಕಲಿಸಕೂಡದೆಂಬ ನಿಲುವಿಗೆ ಮುಖ್ಯ ಆಧಾರವಾಗಿ ಬಳಕೆಯಾಗುವುದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯದ 11ರಿಂದ 15ರವರೆಗಿನ ವಚನಗಳು. ಹೆಂಗಸು ಮೌನದಿಂದ ಕಲಿಯಲಿ, ಆಕೆ ಉಪದೇಶ ಮಾಡುವುದಕ್ಕೂ ಗಂಡಸಿನ ಮೇಲೆ ಅಧಿಕಾರ ನಡೆಸುವುದಕ್ಕೂ ತನ್ನ ಅಪ್ಪಣೆಯಿಲ್ಲ, ಏಕೆಂದರೆ ಆದಾಮನು ಮೊದಲು ಸೃಷ್ಟಿಯಾದನು ಎಂಬುದು ಅಲ್ಲಿನ ಮಾತಿನ ಸಾರ. ಮೂಲ ಗ್ರೀಕ್‌ನಲ್ಲಿ ಆಜ್ಞಾರ್ಥದ ಕ್ರಿಯಾಪದ ಇಲ್ಲಿ ಒಂದೇ ಒಂದು, ಅದು ಕಲಿಯಲಿ ಎಂಬುದು. ಮೌನ ಎಂದು ಅನುವಾದವಾಗಿರುವ ಹೆಸೂಖಿಯಾ ಎಂಬ ಶಬ್ದಕ್ಕೆ ಬಾಯಿ ಮುಚ್ಚಿಕೊಂಡಿರುವುದಕ್ಕಿಂತ ಶಿಷ್ಯನಿಗೆ ಒಪ್ಪುವ ಶಾಂತಭಾವದ ಅರ್ಥ ಹತ್ತಿರವಾದದ್ದು, ಮತ್ತು ಅದೇ ಅಧ್ಯಾಯದ ಆರಂಭದಲ್ಲಿ ಎಲ್ಲ ವಿಶ್ವಾಸಿಗಳೂ ಬಾಳಬೇಕಾದ ನೆಮ್ಮದಿಯ ಬದುಕನ್ನು ಹೇಳುವಾಗ ಅದರ ಸಜಾತೀಯ ಶಬ್ದವೇ ಬಂದಿದೆ. ಅಧಿಕಾರ ನಡೆಸು ಎಂಬಲ್ಲಿರುವ ಔಥೆಂತೈನ್ ಎಂಬ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲಿಯೂ ಇಲ್ಲದಿರುವುದರಿಂದ, ಪೌಲನು ನ್ಯಾಯವಾದ ಅಧಿಕಾರವನ್ನೇ ನಿಷೇಧಿಸಿದನೋ, ಇಲ್ಲವೆ ದಬ್ಬಾಳಿಕೆಯನ್ನು ನಿಷೇಧಿಸಿದನೋ ಎಂಬುದು ಇಂದಿಗೂ ಬಗೆಹರಿಯದೆ ಉಳಿದಿದೆ. ಇಷ್ಟಾದರೂ ನಿಷೇಧ ಸಾರ್ವಕಾಲಿಕವೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು: ಲೇಖಕನು ತಿಮೊಥೆಯನಿದ್ದ ಎಫೆಸದ ಯಾವುದೋ ಸ್ಥಳೀಯ ಗೊಂದಲವನ್ನಲ್ಲ, ಸೃಷ್ಟಿಯ ಕ್ರಮವನ್ನೇ ಕಾರಣವಾಗಿ ಕೊಟ್ಟಿದ್ದಾನೆಂದು ಅವರು ಹೇಳುವುದು ಪಠ್ಯಕ್ಕೆ ನಿಷ್ಠವಾದ ಮಾತೇ ಆಗಿದೆ. ಆದರೆ ಅದೇ ಪೌಲನ ಬಳಗದಲ್ಲಿ ಪ್ರಿಸ್ಕಿಲ್ಲಳು ಗಂಡ ಅಕ್ವಿಲನೊಡನೆ ಸೇರಿ ವಿದ್ವಾಂಸನಾದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನಷ್ಟು ಖಚಿತವಾಗಿ ವಿವರಿಸಿದಳೆಂದೂ, ಅದು ನಡೆದದ್ದು ಎಫೆಸದಲ್ಲಿಯೇ ಎಂದೂ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯ ಹೇಳುವುದರಿಂದ, ನಿಷೇಧವನ್ನು ನಿರಪವಾದವೆಂದು ಎಣಿಸುವವರು ಈ ಪ್ರಸಂಗಕ್ಕೂ ಜಾಗ ಮಾಡಿಕೊಡಬೇಕಾಗುತ್ತದೆ.

ಕೊರಿಂಥದವರಿಗೆ ಬರೆದ ಪತ್ರಿಕೆಯ ಸಮಸ್ಯೆ ಇನ್ನೊಂದು ಬಗೆಯದು. 14ನೆಯ ಅಧ್ಯಾಯದ 34 ಮತ್ತು 35ನೆಯ ವಚನಗಳು ಹೆಂಗಸರು ಸಭೆಗಳಲ್ಲಿ ಮಾತಾಡದಿರಲಿ, ತಿಳಿಯಬೇಕಾದದ್ದಿದ್ದರೆ ಮನೆಯಲ್ಲಿ ಗಂಡನನ್ನು ಕೇಳಲಿ ಎನ್ನುತ್ತವೆ. ಆದರೆ 11ನೆಯ ಅಧ್ಯಾಯವು ಹೆಂಗಸರು ಪ್ರಾರ್ಥನೆ ಮತ್ತು ಪ್ರವಾದನೆ ಮಾಡುವುದನ್ನು, ಅಂದರೆ ದೇವರಿಂದ ಬಂದ ಸಂದೇಶವನ್ನು ಎಲ್ಲರೆದುರು ನುಡಿಯುವುದನ್ನು, ನಡೆದುಬಂದ ಸಂಗತಿಯೆಂದೇ ಒಪ್ಪಿಕೊಂಡು ತಲೆಯ ಮುಸುಕಿನ ಬಗ್ಗೆ ಮಾತ್ರ ಚರ್ಚಿಸುತ್ತದೆ. ಕೆಲವು ಪಾಶ್ಚಾತ್ಯ ಹಸ್ತಪ್ರತಿಗಳಲ್ಲಿ ಆ ಎರಡು ವಚನಗಳು ಅಧ್ಯಾಯದ ಕೊನೆಗೆ, 40ನೆಯ ವಚನದ ಬಳಿಕ ಕಾಣಿಸಿಕೊಳ್ಳುವುದರಿಂದ, ಅವು ಮೊದಲು ಯಾರೋ ಅಂಚಿನಲ್ಲಿ ಬರೆದ ಟಿಪ್ಪಣಿಯಾಗಿದ್ದು ಲಿಪಿಕಾರರ ಕೈಯಲ್ಲಿ ಪಠ್ಯದೊಳಗೆ ಸೇರಿಕೊಂಡಿರಬಹುದೆಂದು ಗಾರ್ಡನ್ ಫೀ 1987ರ ತಮ್ಮ ವ್ಯಾಖ್ಯಾನದಲ್ಲಿ ವಾದಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆರಾಧನೆಯ ನಡುವೆ ಪ್ರಶ್ನೆ ಕೇಳಿ ಗದ್ದಲವೆಬ್ಬಿಸುವುದನ್ನಷ್ಟೇ ಪೌಲನು ತಡೆದನೆನ್ನುವವರು ಹಲವರು. ಯಾವ ವಿವರಣೆಯನ್ನು ಒಪ್ಪಿದರೂ ಒಂದು ಮಾತು ನಿಲ್ಲುತ್ತದೆ: ಮನೆಯಲ್ಲಿ ಗಂಡನನ್ನು ಕೇಳಲಿ ಎಂಬ ಸಲಹೆ ಗಂಡನಿರುವವಳಿಗೆ ಮಾತ್ರ ಸಲ್ಲುವಂಥದ್ದು, ಅದೇ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಪೌಲನೇ ಅವಿವಾಹಿತೆಯರನ್ನೂ ವಿಧವೆಯರನ್ನೂ ಒಂಟಿಯಾಗಿಯೇ ಉಳಿಯಲು ಉತ್ತೇಜಿಸಿದ್ದಾನೆ. ದೀಕ್ಷಾಸ್ನಾನಕ್ಕೆ ಮುಂಚೆಯೇ ವಿಧವೆಯಾಗಿದ್ದ ರಮಾಬಾಯಿಯವರಾಗಲಿ, ಅವರು 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನಕ್ಕೆ ಬಂದ ಬಾಲವಿಧವೆಯರಾಗಲಿ ಯಾರ ಬಳಿ ಹೋಗಿ ಕೇಳಬೇಕಿತ್ತು?

ದಾಂಪತ್ಯದ ವಿಚಾರಕ್ಕೆ ಬಂದಾಗ ಚರ್ಚೆಯೆಲ್ಲ ಒಂದು ಶಬ್ದದ ಸುತ್ತ ತಿರುಗುತ್ತದೆ. ಗಂಡನು ಹೆಂಡತಿಗೆ ತಲೆಯಾಗಿದ್ದಾನೆಂದು ಹೇಳುವಲ್ಲಿ ಪೌಲನು ಬಳಸಿರುವ ಗ್ರೀಕ್ ಶಬ್ದ ಕೆಫಲೇ. ದೇಹದ ಅಂಗವೆಂಬ ನೇರ ಅರ್ಥವನ್ನು ಬಿಟ್ಟರೆ ಅದಕ್ಕೆ ಒಡೆತನ ಅಥವಾ ಅಧಿಕಾರ ಎಂಬ ರೂಪಕಾರ್ಥವಿದೆಯೆ, ಇಲ್ಲವೆ ಉಗಮ ಎಂಬ ಅರ್ಥವಿದೆಯೆ ಎಂಬ ವಾಗ್ವಾದ ಕಳೆದ ಶತಮಾನದ ಮಧ್ಯಭಾಗದಿಂದ ನಡೆದುಬಂದಿದೆ. ಈ ವಾಗ್ವಾದವನ್ನು ಅರಿಯಲು ಕನ್ನಡ ಓದುಗರಿಗೆ ಗ್ರೀಕ್ ನಿಘಂಟಿನ ನೆರವು ಅಷ್ಟಾಗಿ ಬೇಕಿಲ್ಲ, ಏಕೆಂದರೆ ಕನ್ನಡದ ತಲೆ ಎಂಬ ಶಬ್ದದಲ್ಲಿಯೇ ಎರಡು ಅರ್ಥಗಳೂ ಜೀವಂತವಾಗಿವೆ: ಗುಂಪನ್ನು ಮುಂದೆ ನಿಂತು ನಡೆಸುವವನು ತಲೆಯಾಳು, ಕಾವೇರಿ ಹುಟ್ಟುವ ನೆಲೆ ತಲಕಾವೇರಿ. ತಲಕಾವೇರಿ ಕಾವೇರಿಯನ್ನು ಆಳುವುದಿಲ್ಲ, ಅದಕ್ಕೆ ನೀರು ಕೊಡುತ್ತದೆ. ಎಫೆಸ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಇಡೀ ದೇಹವು ಬೆಳವಣಿಗೆ ಪಡೆಯುವುದು ತಲೆಯಾದ ಕ್ರಿಸ್ತನಿಂದ ಎಂಬ ಚಿತ್ರ ಈ ಎರಡನೆಯ ಅರ್ಥಕ್ಕೆ ಹೊಂದುತ್ತದೆ. ಮೊದಲನೆಯ ಅಧ್ಯಾಯದಲ್ಲಿ ಸಮಸ್ತ ಅಧಿಕಾರಗಳ ಮೇಲೆ ಕ್ರಿಸ್ತನನ್ನು ತಲೆಯಾಗಿ ಇರಿಸಿದ ಚಿತ್ರವಾದರೋ ಮೊದಲನೆಯ ಅರ್ಥಕ್ಕೇ ಹೊಂದುತ್ತದೆ. ಆದ್ದರಿಂದ ಶಬ್ದ ಒಂದನ್ನೇ ಹಿಡಿದು ತೀರ್ಪು ಕೊಡುವುದಕ್ಕಿಂತ, ಆ ಶಬ್ದ ಬಂದಿರುವ ವಾಕ್ಯ ಗಂಡನಿಂದ ಏನನ್ನು ಬೇಡುತ್ತದೆ ಎಂದು ನೋಡುವುದೇ ಸರಿಯಾದ ದಾರಿಯಾಗಿ ತೋರುತ್ತದೆ.

ಆ ವಾಕ್ಯವೋ ಎಫೆಸ ಪತ್ರಿಕೆಯ 5ನೆಯ ಅಧ್ಯಾಯದ 21ನೆಯ ವಚನದಲ್ಲಿ ವಿಶ್ವಾಸಿಗಳೆಲ್ಲ ಒಬ್ಬರಿಗೊಬ್ಬರು ಅಧೀನರಾಗಿ ನಡೆಯಬೇಕೆಂಬ ಮಾತಿನಿಂದ ಆರಂಭವಾಗುತ್ತದೆ. ಹೆಂಡತಿಯರ ಕುರಿತ 22ನೆಯ ವಚನದಲ್ಲಿ, ಪಿ46 ಎಂದು ಗುರುತಿಸಲಾಗುವ ಪಪೈರಸ್ ಪ್ರತಿ ಮತ್ತು 4ನೆಯ ಶತಮಾನದ ವ್ಯಾಟಿಕನ್ ಹಸ್ತಪ್ರತಿಗಳಲ್ಲಿ, ಕ್ರಿಯಾಪದವೇ ಇಲ್ಲ. ಹಿಂದಿನ ವಚನದ ಪರಸ್ಪರ ಅಧೀನತೆಯಿಂದಲೇ ಅದನ್ನು ಎರವಲು ಪಡೆಯಬೇಕು. ಅಧ್ಯಾಯಗಳ ನಡುವೆ ಉಪಶೀರ್ಷಿಕೆ ಹಾಕುವ ಮುದ್ರಣಪದ್ಧತಿ 21ನೆಯ ವಚನವನ್ನು ಮೇಲಿನ ಭಾಗಕ್ಕೂ 22ನೆಯದನ್ನು ಕೆಳಗಿನ ಭಾಗಕ್ಕೂ ಹಂಚಿಬಿಟ್ಟರೆ ಒಂದೇ ಉಸಿರಿನ ಮಾತು ಎರಡು ತುಂಡಾಗುತ್ತದೆ, ಎರಡನೆಯ ತುಂಡು ಮಾತ್ರ ಮದುವೆಯ ಪ್ರಸಂಗಗಳಲ್ಲಿ ಕೇಳಿಬರುತ್ತದೆ. ಮುಂದಿನ ಅಧ್ಯಾಯದಲ್ಲಿ ಮಕ್ಕಳಿಗೂ ದಾಸರಿಗೂ ಹೇಳಿರುವುದು ವಿಧೇಯರಾಗಿರಿ ಎಂಬ ಬೇರೆಯೇ ಕ್ರಿಯಾಪದ. ಪೇತ್ರನ ಪತ್ರಿಕೆ ಮಾತ್ರ ಸಾರಳು ಅಬ್ರಹಾಮನಿಗೆ ತೋರಿದ ವಿಧೇಯತೆಯನ್ನು ಆದರ್ಶವಾಗಿ ಹೇಳುತ್ತದೆಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ಅದು ಬೇರೆ ಧರ್ಮದ ಗಂಡನೊಡನೆ ಬಾಳುತ್ತಿದ್ದ ಹೆಣ್ಣುಮಕ್ಕಳಿಗೆ ಬರೆದ ಮಾತು, ಮತ್ತು ಗಂಡನ ದೇವರನ್ನು ಬಿಟ್ಟು ತನ್ನ ನಂಬಿಕೆಯನ್ನು ತಾನೇ ಆರಿಸಿಕೊಂಡ ಹೆಂಡತಿ ರೋಮನ್ ಸಮಾಜದ ದೃಷ್ಟಿಯಲ್ಲಿ ಆಗಲೇ ದೊಡ್ಡ ಅವಿಧೇಯತೆ ತೋರಿದ್ದಳೆಂಬುದು ಅದರ ಹಿನ್ನೆಲೆ.

ಇಂಥ ಉಪದೇಶಗಳನ್ನು ವಿದ್ವಾಂಸರು ಗೃಹಸೂತ್ರಗಳೆಂದು ಕರೆಯುತ್ತಾರೆ. ಗಂಡ-ಹೆಂಡತಿ, ತಂದೆ-ಮಕ್ಕಳು, ಒಡೆಯ-ದಾಸ ಎಂಬ ಮೂರು ಜೋಡಿಗಳಲ್ಲಿ ಮನೆಯ ವ್ಯವಸ್ಥೆಯನ್ನು ಹೇಳುವ ಈ ಮಾದರಿ ಅರಿಸ್ಟಾಟಲನ ರಾಜನೀತಿ ಗ್ರಂಥದ ಮೊದಲ ಭಾಗದಲ್ಲಿಯೂ ಕಾಣುತ್ತದೆ. ಅರಿಸ್ಟಾಟಲ್ ಮಾತಾಡುವುದು ಆಳುವವನ ಕುರಿತು. ಎಫೆಸ ಪತ್ರಿಕೆ ಹೆಂಡತಿಯನ್ನೂ ಮಗುವನ್ನೂ ದಾಸನನ್ನೂ ನೇರವಾಗಿ, ಮೊದಲು ಮಾತಾಡಿಸುತ್ತದೆ, ಬಳಿಕ ಗಂಡನಿಗೆ ಹೆಚ್ಚು ದೀರ್ಘವಾಗಿ, ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟಂತೆ ಹೆಂಡತಿಯನ್ನು ಪ್ರೀತಿಸಬೇಕೆಂದು ಆಜ್ಞಾಪಿಸುತ್ತದೆ. 19ನೆಯ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯ ಸಮರ್ಥಕರು ಇದೇ ಗೃಹಸೂತ್ರದ ಮೂರನೆಯ ಜೋಡಿಯನ್ನು ಶಾಶ್ವತ ದೈವನಿಯಮವೆಂದು ಉಲ್ಲೇಖಿಸುತ್ತಿದ್ದರು. ಇಂದು ಆ ವಾದವನ್ನು ಎತ್ತುವ ಸಭೆ ಇಲ್ಲ. ಮೂರನೆಯ ಜೋಡಿ ಆ ಕಾಲದ ಸಮಾಜದ್ದೆಂದು ಒಪ್ಪಿಕೊಂಡು ಮೊದಲನೆಯ ಜೋಡಿ ಮಾತ್ರ ಎಲ್ಲ ಕಾಲದ್ದೆನ್ನುವವರು ಅದಕ್ಕೆ ಪಠ್ಯದಿಂದಲೇ ಕಾರಣ ತೋರಿಸಬೇಕಾಗುತ್ತದೆ. ದಾಂಪತ್ಯ ಸೃಷ್ಟಿಯಲ್ಲಿಯೇ ಇದೆ, ದಾಸ್ಯ ಇಲ್ಲ ಎಂಬುದು ಅವರ ಉತ್ತರ.

ವ್ಯಾಖ್ಯಾನದ ಪರಿಣಾಮ ಪ್ರಸಂಗಪೀಠದಲ್ಲಿಯೇ ಮುಗಿಯುವಂಥದ್ದಲ್ಲ. ಇಂಗ್ಲೆಂಡಿನ 1662ರ ಪ್ರಾರ್ಥನಾ ಪುಸ್ತಕದ ವಿವಾಹ ಪ್ರತಿಜ್ಞೆಯಲ್ಲಿ ವಿಧೇಯಳಾಗಿರುವೆನೆಂಬ ಮಾತು ವಧುವಿಗೆ ಮಾತ್ರ ಇತ್ತು. ಭಾರತದ ಕ್ರೈಸ್ತರಿಗೆ ಅನ್ವಯಿಸುವಂತೆ 1869ರಲ್ಲಿ ಮಾಡಿದ ವಿಚ್ಛೇದನ ಕಾಯಿದೆಯ 10ನೆಯ ಕಲಮಿನ ಪ್ರಕಾರ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿ ಬಿಡುಗಡೆ ಪಡೆಯಬಹುದಿತ್ತು, ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಅಂಥ ಮತ್ತೊಂದು ಅಪರಾಧವನ್ನೋ ಸಾಬೀತುಪಡಿಸಬೇಕಿತ್ತು. ಈ ಅಸಮತೆ ಸಂಸತ್ತಿನ ತಿದ್ದುಪಡಿಯಿಂದ ತೊಲಗಿದ್ದು 2001ರಲ್ಲಿ, ಅಂದರೆ ಮೂರು ನಾಲ್ಕು ತಲೆಮಾರಿನ ಕ್ರೈಸ್ತ ಹೆಣ್ಣುಮಕ್ಕಳು ಅದರಡಿಯಲ್ಲಿ ಬಾಳಿ ಮುಗಿಸಿದ ಬಳಿಕ.

ಗಂಡನ ನಿರ್ಧಾರಕ್ಕೂ ಹೆಂಡತಿಯ ಅಂತಃಸಾಕ್ಷಿಗೂ ಇರುವ ಸಂಬಂಧವನ್ನು ನಾಸಿಕ ಸೀಮೆಯ ಒಂದು ಬದುಕು ಬೇರೊಂದು ದಿಕ್ಕಿನಿಂದ ತೋರಿಸುತ್ತದೆ. ನಾಸಿಕದ ಸಮೀಪದ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದ ಲಕ್ಷ್ಮೀಬಾಯಿ ಟಿಳಕ ಅವರ ಪತಿ, ಮರಾಠಿ ಕವಿ ನಾರಾಯಣ ವಾಮನ ಟಿಳಕ, 1895ರಲ್ಲಿ ಕ್ರೈಸ್ತರಾದಾಗ ಆಕೆ ಅವರ ಹಿಂದೆ ಹೋಗಲಿಲ್ಲ. ಕೆಲವು ವರ್ಷ ಬೇರೆಯಾಗಿದ್ದು, ಮತ್ತೆ ಒಟ್ಟಿಗೆ ಬಾಳತೊಡಗಿದ ಮೇಲೂ ತನ್ನ ಆಚಾರಗಳನ್ನು ಬಿಡದೆ, ಜಾತಿಭೇದ ಅರ್ಥವಿಲ್ಲದ್ದೆಂದು ತನಗೇ ಮನವರಿಕೆಯಾದ ಬಳಿಕ 1900ರಲ್ಲಿ ದೀಕ್ಷಾಸ್ನಾನ ಪಡೆದರು. ನಂಬದ ಸಂಗಾತಿಯನ್ನು ಬಲವಂತಪಡಿಸದೆ ಜೊತೆಗಿರಲು ಇಚ್ಛಿಸಿದರೆ ಇರಗೊಡಬೇಕೆಂದು ಕೊರಿಂಥ ಪತ್ರಿಕೆಯ 7ನೆಯ ಅಧ್ಯಾಯ ಹೇಳುವ ಮಾತಿಗೆ, ಮತ್ತು ಆ ಅಧ್ಯಾಯ ಗಂಡನಿಗೊಂದು ಹೇಳಿ ಹೆಂಡತಿಗೂ ಅದನ್ನೇ ಹೆಚ್ಚಿನ ಕಡೆ ಸರಿಸಮನಾಗಿ ಹೇಳುವ ಕ್ರಮಕ್ಕೆ, ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗುವುದು ಕಷ್ಟ. ಪತಿ ಅಪೂರ್ಣವಾಗಿ ಬಿಟ್ಟುಹೋದ ಕ್ರಿಸ್ತಾಯನ ಕಾವ್ಯವನ್ನು ಮುಗಿಸಿದವರೂ, ಸ್ಮೃತಿಚಿತ್ರೇ ಎಂಬ ಆತ್ಮಕಥೆಯಿಂದ ಮರಾಠಿ ಗದ್ಯದಲ್ಲಿ ಹೆಸರಾದವರೂ ಆ ಲಕ್ಷ್ಮೀಬಾಯಿಯವರೇ.

ಸಭೆಗಳು ಇಂದು ಒಂದೇ ನಿಲುವಿನಲ್ಲಿಲ್ಲ. ಹೆಣ್ಣುಗಂಡು ಬೆಲೆಯಲ್ಲಿ ಸಮಾನರಾದರೂ ಹೊಣೆಗಳಲ್ಲಿ ಬೇರೆಯೆಂಬುದು ಪೂರಕತಾವಾದ. ಹೊಣೆಗಳನ್ನು ಹಂಚುವುದು ದೇವರು ಕೊಟ್ಟ ವರದಿಂದಲೇ ಹೊರತು ಲಿಂಗದಿಂದಲ್ಲವೆಂಬುದು ಸಮಾನತಾವಾದ. ಕರ್ನಾಟಕದ ಅನೇಕ ಪ್ರೊಟೆಸ್ಟಂಟರನ್ನು ಒಳಗೊಂಡ ದಕ್ಷಿಣ ಭಾರತ ಸಭೆ 1947ರಲ್ಲಿ ರೂಪುಗೊಂಡು, 1976ರಲ್ಲಿ ಮೊದಲ ಮಹಿಳೆಗೆ ಗುರುದೀಕ್ಷೆ ನೀಡಿತು, 2013ರಲ್ಲಿ ಇ. ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲ ಅಧ್ಯಕ್ಷ ಪ್ರಾಂತ್ಯದ ಬಿಷಪ್ಪರಾದರು. ಕಥೋಲಿಕ ಧರ್ಮಸಭೆ ಯಾಜಕತ್ವ ಗಂಡಸರಿಗೇ ಮೀಸಲೆಂದು 1994ರಲ್ಲಿ ಮತ್ತೊಮ್ಮೆ ದೃಢಪಡಿಸಿತಾದರೂ, ಆ ನಿರ್ಣಯ ಪ್ರಕಟಿಸಿದ ಪೋಪ್ ಎರಡನೆಯ ಜಾನ್ ಪೌಲರೇ 1988ರ ಪತ್ರದಲ್ಲಿ ಎಫೆಸ ಪತ್ರಿಕೆಯ ಅಧೀನತೆಯನ್ನು ಗಂಡಹೆಂಡಿರಿಬ್ಬರ ಪರಸ್ಪರ ಅಧೀನತೆಯೆಂದೇ ವ್ಯಾಖ್ಯಾನಿಸಿದರೆಂಬುದು ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ.

ರಮಾಬಾಯಿಯವರ ಉತ್ತರ ಸಿದ್ಧಾಂತದ ರೂಪದಲ್ಲಿ ಬರಲಿಲ್ಲ, ಅನುವಾದದ ರೂಪದಲ್ಲಿ ಬಂತು. ಕನ್ನಡದ ಮೊದಲ ಪೂರ್ಣ ಬೈಬಲ್ 1831ರ ಹೊತ್ತಿಗೆ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತವರ ಸಂಗಡಿಗರ ದುಡಿಮೆಯಿಂದ ಬಂದಂತೆ, ಮರಾಠಿಯ ಅನುವಾದಗಳೂ ಮಿಷನರಿಗಳ ಮತ್ತು ಪಂಡಿತರ, ಅಂದರೆ ಗಂಡಸರ ಕೈಯಲ್ಲಿ ರೂಪುಗೊಂಡಿದ್ದವು. ಆ ಅನುವಾದಗಳ ಸಂಸ್ಕೃತಮಯ ಮರಾಠಿ, ಮನೆಮಾತಾಗಿ ಅಹಿರಾಣಿ ಎಂಬ ನುಡಿಯನ್ನಾಡುವ ನಾಸಿಕ ಸೀಮೆಯ ಬಾಗಲಾಣದ ಹೆಂಗಸರಿಗಾಗಲಿ, 1896-97ರ ಕ್ಷಾಮದಿಂದ ಪಾರಾಗಿ ಕೆಡಗಾವಿನಲ್ಲಿ ರಮಾಬಾಯಿ ನಡೆಸುತ್ತಿದ್ದ ಮುಕ್ತಿ ಸದನ ಸೇರಿದ ಅನಕ್ಷರಸ್ಥ ಹುಡುಗಿಯರಿಗಾಗಲಿ ಎಟುಕುವಂಥದ್ದಾಗಿರಲಿಲ್ಲ. ರಮಾಬಾಯಿ ಹೀಬ್ರೂ ಮತ್ತು ಗ್ರೀಕ್ ಕಲಿತು, ಬದುಕಿನ ಕೊನೆಯ ವರ್ಷಗಳನ್ನು ಇಡೀ ಬೈಬಲ್ಲನ್ನು ಸರಳ ಮರಾಠಿಗೆ ತರುವುದಕ್ಕೆ ಮೀಸಲಿಟ್ಟರು. ಇದೇ ಅವಧಿಯಲ್ಲಿ, 1912ರಲ್ಲಿ, ಅವರು ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಶಾಲೆಯೊಂದನ್ನು ತೆರೆದು ಮನೋರಮಾ ಅವರಿಗೆ ಒಪ್ಪಿಸಿದ್ದರಿಂದ, ಹುಟ್ಟಿದ ಆರು ತಿಂಗಳಿಗೇ ಬಿಟ್ಟುಹೋದ ಕನ್ನಡ ನೆಲದೊಂದಿಗಿನ ನಂಟು ಮತ್ತೆ ಕೂಡಿಕೊಂಡಿತ್ತು.

ಮೂಲಭಾಷೆಯನ್ನು ಬಲ್ಲವರಿಗೆ ಮಾತ್ರ ಕಾಣುವ ಸಂಗತಿಗಳು ಬೈಬಲ್ಲಿನಲ್ಲಿ ಹಲವು. ಆದಿಕಾಂಡದ 2ನೆಯ ಅಧ್ಯಾಯದಲ್ಲಿ ಹೆಣ್ಣನ್ನು ಸಹಾಯಕಳೆಂದು ಕರೆಯುವ ಏಜೆರ್ ಎಂಬ ಹೀಬ್ರೂ ಶಬ್ದ ಕೆಳದರ್ಜೆಯ ಆಳನ್ನು ಸೂಚಿಸುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಅದು ಹೆಚ್ಚಾಗಿ ಬಳಕೆಯಾಗಿರುವುದು ಇಸ್ರಾಯೇಲರ ನೆರವಿಗೆ ಬರುವ ದೇವರಿಗೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಫೊಯಿಬೆಗೆ ಬಳಸಿದ ದಿಯಾಕೊನೊಸ್ ಎಂಬ ಶಬ್ದವನ್ನು ಪೌಲನು ತನಗೂ ಬಳಸಿಕೊಂಡಿದ್ದಾನೆ. ಇವಕ್ಕಿಂತ ನಿಚ್ಚಳವಾದದ್ದು 68ನೆಯ ಕೀರ್ತನೆಯ ಒಂದು ಸಾಲು: ಕರ್ತನು ಮಾತು ಕೊಡುತ್ತಾನೆ, ಅದನ್ನು ಸಾರುವವರ ದಂಡು ದೊಡ್ಡದು ಎಂಬ ಅರ್ಥ ಬರುವ ಅಲ್ಲಿ, ಸಾರುವವರು ಎಂಬುದಕ್ಕೆ ಹೀಬ್ರೂವಿನಲ್ಲಿರುವುದು ಸ್ತ್ರೀಲಿಂಗದ ಬಹುವಚನ. 1611ರ ಇಂಗ್ಲಿಷ್ ಅನುವಾದ ಅದನ್ನು ಲಿಂಗಸೂಚನೆಯಿಲ್ಲದ ಮಾತಾಗಿಸಿತು. ಕನ್ನಡದ ಬಹುವಚನವೂ ಲಿಂಗವನ್ನು ತೋರಿಸುವುದಿಲ್ಲವಾದ್ದರಿಂದ, ಹೆಂಗಸರೆಂದು ಬಿಡಿಸಿ ಬರೆಯದಿದ್ದರೆ ಆ ದಂಡು ಹೆಂಗಸರದೆಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ರಮಾಬಾಯಿ ಅನುವಾದದ ಕೊನೆಯ ಕರಡುಗಳನ್ನು ತಿದ್ದಿ ಮುಗಿಸಿ 1922ರ ಏಪ್ರಿಲ್ 5ರಂದು ತೀರಿಕೊಂಡರು. ಮುಕ್ತಿ ಸದನದ ಮುದ್ರಣಾಲಯದಲ್ಲಿ ಅದರ ಅಚ್ಚುಮೊಳೆಗಳನ್ನು ಜೋಡಿಸಿ, ಪುಟಗಳನ್ನು ಮುದ್ರಿಸಿದವರು ಅಲ್ಲಿಯೇ ಅಕ್ಷರ ಕಲಿತ ಹೆಂಗಸರು.